ಮೊದಲು ಬೆಲೆ ಹೇಳಿದವರು

8 ಜೂನ್ 2005, ಬುಧವಾರ

ಅಡ್ಮಿಷನ್ ಸೀಸನ್. ಬೆಳಿಗ್ಗೆಯಿಂದ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್. ನಾಲ್ಕು ನೂರು ಪ್ರತಿ ದಾಟಿತು. ಎರಡು ಸಲ ಟೋನರ್ ತುಂಬಿದೆ, ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು. ಒಬ್ಬ ಹುಡುಗನಿಗೆ ಗಣಿತದಲ್ಲಿ ತೊಂಬತ್ತೆಂಟು. ಓದಿ ಸಂತೋಷವಾಯಿತು. ಅವನಿಗೆ ಹೇಳಬೇಕೆನಿಸಿತು. ಚಿಲ್ಲರೆ ಕೊಟ್ಟು ಕಳಿಸಿದೆ.

ಹಾಳಾದ ಪ್ರತಿಗಳನ್ನು ಮನೆಗೆ ತರುತ್ತೇನೆ, ಹಿಂಬದಿ ಖಾಲಿ ಇರುತ್ತದೆ. ಇದನ್ನು ಬರೆಯುತ್ತಿರುವುದೂ ಯಾರದೋ ಆದಾಯ ಪ್ರಮಾಣಪತ್ರದ ಬೆನ್ನ ಮೇಲೆ.

ಸಂಜೆ ಅಂಗಡಿ ಮಾಲೀಕ ಸತೀಶಣ್ಣ ಹೊಸ ಕೆಲಸ ಹೇಳಿದರು. ಅಂಗಡಿ ಹುಮನಾಬಾದಿನ ಬಸ್ ಸ್ಟ್ಯಾಂಡ್ ಎದುರಿಗೆ, ಫೋಟೋ ಸ್ಟುಡಿಯೋ ಮತ್ತು ಜೆರಾಕ್ಸ್. ಆದರೆ ಅವರ ಜೀವ ಇರುವುದು ಒಳಕೋಣೆಯ ಕಪಾಟಿನಲ್ಲಿ — ಹಳೆಯ ಕಾಮಿಕ್ಸ್. ಮುಖಪುಟದ ಫೋಟೋ ತೆಗೆದು ನೆಟ್ ಸೆಂಟರಿನಿಂದ ಹೈದರಾಬಾದಿಗೆ, ಪುಣೆಗೆ ಕಳಿಸುತ್ತಾರೆ. ದೊಡ್ಡ ದೊಡ್ಡವರು ಕೊಳ್ಳುತ್ತಾರಂತೆ. ಚಿಕ್ಕವರಿದ್ದಾಗ ಎರಡು ರೂಪಾಯಿಗೆ ಸಿಗುತ್ತಿದ್ದದ್ದಕ್ಕೆ ಈಗ ಐದು ನೂರು. ನನಗೆ ನಂಬಿಕೆ ಬರಲಿಲ್ಲ.

ನನ್ನ ಊರು ಬಸವಕಲ್ಯಾಣ. ಭಾನುವಾರ ಅಲ್ಲಿ ಮನೆ ಮನೆಗೆ ಹೋಗಿ ಹಳೆಯ ಕಾಮಿಕ್ಸ್ ಕೊಂಡು ತರಬೇಕು, ಲಾಭದಲ್ಲಿ ಪಾಲು. ನನ್ನಿಂದ ಆಗಲ್ಲ, ಮಾತಾಡಲಿಕ್ಕೆ ಬರಲ್ಲ ಎಂದೆ. ಅದನ್ನೂ ಸರಿಯಾಗಿ ಹೇಳಲಿಲ್ಲ, ತಲೆ ಅಲ್ಲಾಡಿಸಿದೆ.

ಸತೀಶಣ್ಣ ನಕ್ಕರು. "ಮಾತಾಡೋದು ಏನದ ಮನೀಷಾ? ಮೊದಲ ರೇಟ ಹೇಳಿದವರು ಸೋತರು. ನೀ ಹೇಳಬ್ಯಾಡ, ಅಷ್ಟ."

12 ಜೂನ್, ಭಾನುವಾರ

ಹೊರಡುವಾಗ ಸತೀಶಣ್ಣನ ಮಾತುಗಳನ್ನೇ ಬಾಯಿಪಾಠ ಮಾಡಿಕೊಂಡು ಹೋದೆ. ಬೇಕಾದ ಪುಸ್ತಕವನ್ನು ತಿರುವಿ ನೋಡಬಾರದು, ಬೇಡವಾದದ್ದನ್ನು ತಿರುವಬೇಕು. ಒಂದೊಂದರ ಬೆಲೆ ಕೇಳಬಾರದು, ಇಡೀ ಗಂಟಿಗೆ ಕೇಳಬೇಕು. ಮತ್ತೆ, ವ್ಯವಹಾರ ಮುಗಿಯುವ ತನಕ ಅವರ ಮನೆಯ ಚಹಾ ಕುಡಿಯಬಾರದು. ಕುಡಿದರೆ ಬಾಯಿ ಕಟ್ಟುತ್ತದೆ ಅಂತೆ.

ನನ್ನ ಬಾಯಿ ಹೇಗೂ ಕಟ್ಟಿಯೇ ಇರುತ್ತದೆ.

ಮೊದಲನೆಯ ಮನೆ ಬಸವಣಪ್ಪನವರದು. ಮೊದಲು ಕಿರಾಣಿ ಅಂಗಡಿ ಇಟ್ಟವರು, ಈಗ ಮಗ ನೋಡಿಕೊಳ್ಳುತ್ತಾನೆ. ಅಟ್ಟದಿಂದ ಇಪ್ಪತ್ತು ಕಾಮಿಕ್ಸ್ ಇಳಿಸಿ ನೂರ ಐವತ್ತು ಎಂದರು. ನನ್ನ ಹತ್ತಿರ ಇದ್ದದ್ದು ನೂರು. ಅದನ್ನೇ ಹೇಳಬೇಕು. ಬಾಯಿಗೆ ಬರಲಿಲ್ಲ. ನೆಲ ನೋಡುತ್ತ ನಿಂತೆ. ಅವರು ನೂರಕ್ಕೆ ಇಳಿದರು. ಈಗ ಹೂಂ ಅನ್ನಬೇಕು — ಆಗಲೂ ಬರಲಿಲ್ಲ. ಎಂಬತ್ತು. ಆಮೇಲೆ ಅವರೇ ಕೈ ಎತ್ತಿಬಿಟ್ಟರು.

"ಅರವತ್ತ ಕೊಡು, ಒಯ್ಯಿ. ನಲವತ್ತ ವರ್ಷ ತಕ್ಕಡಿ ಹಿಡದೀನಿ, ನಿನ್ನಂಥ ಗಟ್ಟಿ ಗಿರಾಕಿ ನೋಡಿಲ್ಲ ತಂಗಿ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಸಂತೆಯಲ್ಲಿ ಸೊಪ್ಪು ಮಾರುವ ನನ್ನ ಅವ್ವ, ಕಾಂತಾಬಾಯಿ, ಒಂದು ಕಟ್ಟು ಮೆಂತ್ಯಕ್ಕೆ ಹತ್ತು ಮಾತು ಖರ್ಚು ಮಾಡುವವಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಅವಳಿಗೆ. ನಾನೂ ನಕ್ಕೆ.

19 ಜೂನ್, ಭಾನುವಾರ

ಕೋಟೆಯ ಹಿಂದಿನ ಗಲ್ಲಿ. ಹೊಲಿಗೆ ಮಾಡುವ ಅಕ್ಬರಿ ಖಾಲಾ ಮನೆ, ಗಲ್ಲಿಗೆಲ್ಲ ಚಿಕ್ಕಮ್ಮ ಅವರು. ನಲವತ್ತು ದಾಟಿರಬೇಕು, ಒಬ್ಬರೇ ಇದ್ದಾರೆ. ಸೀರೆಗೆ ಫಾಲ್ ಹಚ್ಚುತ್ತಿದ್ದರು. ಬಾಯಲ್ಲಿ ಗುಂಡುಸೂಜಿ ಹಿಡಿದುಕೊಂಡೇ ಕೂಡು ಎಂದು ಸನ್ನೆ ಮಾಡಿದರು. ಗೋಡೆಗೆ ಗೆದ್ದಲು ಹತ್ತಿದೆ. ಟ್ರಂಕಿನವರೆಗೂ ಬಂದಿದೆ, ಅದಕ್ಕೇ ಮಾರುತ್ತಾರೆ.

ಟ್ರಂಕ್ ತೆಗೆದರು. ಎಲ್ಲ ಅವರವೇ. ಶಾಲೆ ಬಿಡಿಸಿದ ಮೇಲೆ ಅಣ್ಣ ಹುಮನಾಬಾದಿನಿಂದ ತಂದುಕೊಡುತ್ತಿದ್ದನಂತೆ. ಓದುವುದು ಮರೆಯಬಾರದು ಅಂತ. ಅವರು ಓದಿದ್ದು ಏಳನೇ ಇಯತ್ತೆ, ನಾನು ಐದು. ಎರಡು ವರ್ಷ ದೊಡ್ಡಾಕಿ ನಾ, ಎಂದು ನಕ್ಕರು.

ನಲವತ್ತೆರಡು ಕಾಮಿಕ್ಸ್ ಹೊರಗೆ ಇಟ್ಟರು. ಅದರಲ್ಲಿ ಒಂಬತ್ತು ಒಂಟಿಗಣ್ಣಿನ ಸವಾರನ ಸರಣಿಯವು, ಹನ್ನೊಂದರಿಂದ ಹತ್ತೊಂಬತ್ತು. ಹೈದರಾಬಾದಿನ ಒಬ್ಬರು ಎರಡು ವರ್ಷದಿಂದ ಕೇಳುತ್ತಿರುವುದು ಅವನ್ನೇ. ಫೋಟೋ ತೋರಿಸಿ ಕಳಿಸಿದ್ದರು ಸತೀಶಣ್ಣ. ನಾನು ಅವನ್ನು ಮುಟ್ಟಲಿಲ್ಲ. ಬೇರೆಯವನ್ನು ತಿರುವಿದೆ.

ಒಂದರಿಂದ ಹತ್ತು ಟ್ರಂಕಿನ ತಳದಲ್ಲೇ ಉಳಿದವು. ಅವು ಕೊಡೂದಿಲ್ಲ ಎಂದರು ಖಾಲಾ.

ಮುನ್ನೂರು ಎಂದರು. ನಾನು ಸುಮ್ಮನೆ. ಈ ಸಲ ನೂರು ರೂಪಾಯಿ ಅಲ್ಲ, ಐದು ನೂರು ಇತ್ತು ಚೀಲದಲ್ಲಿ. ಕೊಡಬಹುದಿತ್ತು. ಖಾಲಾ ನನ್ನ ಮುಖ ನೋಡಿದರು, ಆಮೇಲೆ ನನ್ನ ಚಪ್ಪಲಿ ನೋಡಿದರು. ಇನ್ನೂರು ಎಂದರು. ಮತ್ತೆ ನೋಡಿದರು.

"ಯಾಕ ಬೇಟಿ, ಶರಮ್ ಯಾಕ? ನೂರ ಇಪ್ಪತ್ತ ಕೊಡು, ಸಾಕ. ಇದ್ದಷ್ಟು ಕೊಡು."

ಕೊಟ್ಟೆ. ಚಹಾನೂ ಕುಡಿದೆ. ಏಲಕ್ಕಿ ಹಾಕಿದ್ದರು.

20 ಜೂನ್, ಸೋಮವಾರ

ಒಂಬತ್ತನ್ನು ನೋಡಿ ಸತೀಶಣ್ಣ ಕುರ್ಚಿಯಿಂದ ಎದ್ದುಬಿಟ್ಟರು. ಕೈ ತೊಳೆದು ಒರೆಸಿಕೊಂಡು ಬಂದು ಮುಟ್ಟಿದರು. ಟ್ರಂಕಿನಲ್ಲಿ ಇನ್ನೂ ಹತ್ತು ಇವೆ ಎಂದು ನಾನೇ ಹೇಳಿದೆ. ಹೊಗಳಿದ್ದಕ್ಕೆ ಹಿಗ್ಗಿ ಹೇಳಿಬಿಟ್ಟೆ.

ಮಧ್ಯಾಹ್ನ ಹೈದರಾಬಾದಿನವರಿಗೆ ಕಳಿಸುವ ಪತ್ರ ಓದಿ ತೋರಿಸಿದರು. ಹನ್ನೆರಡನೆಯದರ ಪಿನ್ನು ತುಕ್ಕು ಹಿಡಿದಿದೆ. ಹದಿನೈದರ ಕೊನೆಯ ಪುಟದಲ್ಲಿ ಪೆನ್ಸಿಲ್ ಗುರುತು. ಹದಿನೇಳರ ಮೂಲೆ ಮಡಿಚಿದೆ. ಎಲ್ಲ ಊನ ಮೊದಲು, ಬೆಲೆ ಕೊನೆಗೆ. ಹೀಗೆ ಬರೆದರೆ ಕಡಿಮೆಗೆ ಕೇಳುವುದಿಲ್ಲವೇ ಎಂದು ಕೇಳಿದೆ, ಹೇಗೋ ಬಾಯಿ ಬಂತು.

"ಕೊಳ್ಳೋರಿಗೆ ಸುಳ್ಳ ಹೇಳಬಾರದು. ಈ ಧಂದಾದಾಗ ಒಂದ ಸಲ ಹೆಸರ ಹೋತಂದ್ರ ಹೋತು."

ಕೊಳ್ಳುವವರಿಗೆ. ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ.

4 ಜುಲೈ, ಸೋಮವಾರ

ಹೈದರಾಬಾದಿನಿಂದ ಡಿ.ಡಿ. ಬಂತು. ಒಂಬತ್ತಕ್ಕೆ ನಾಲ್ಕು ಸಾವಿರದ ಇನ್ನೂರು.

ಸತೀಶಣ್ಣ ಪೇಡೆ ತರಿಸಿದರು. ನನಗೆ ಇನ್ನೂರು ಕೊಟ್ಟರು. ಬಂಗಾರದಂಥ ಹುಡುಗಿ, ಮುಖದ ಮೇಲೆ ಒಂದು ಗೆರೆ ಅಲ್ಲಾಡಲ್ಲ ಎಂದು ಪಕ್ಕದ ಮೆಡಿಕಲ್‌ನವರ ಮುಂದೆ ಹೊಗಳಿದರು.

ಪೇಡೆ ಕಾಗದದಲ್ಲಿ ಕಟ್ಟಿಕೊಂಡು ಬಂದೆ. ಅವ್ವ ತಿಂದಳು.

5 ಜುಲೈ

ಖಾಲಾ ಅಂಗಡಿಗೆ ಬಂದಿದ್ದರು. ನನ್ನನ್ನು ನೋಡಲೆಂದೇ. ಏಳು ಸೀರೆ ಪಿಕೋಗೆ ತಂದಿದ್ದರಂತೆ — ಸೀರೆಯ ಅಂಚು ಹೊಲಿಯುವ ಮಷಿನ್ ಬೇರೆ, ಅದು ಅವರ ಹತ್ತಿರ ಇಲ್ಲ. ಪ್ರತಿ ವಾರ ಬಸ್ಸಿನಲ್ಲಿ ಇಲ್ಲಿಗೆ ತಂದು ಮಾಡಿಸಿ ಒಯ್ಯುತ್ತಾರೆ. ಬಂದ ಕೂಲಿ ಅರ್ಧ ಇಲ್ಲೇ ಹೋಗುತ್ತದೆ. ಮಷಿನ್ ಎಷ್ಟು ಎಂದು ಕೇಳಿದೆ. ಯಾಕೆ ಕೇಳಿದೆನೋ.

ನಾಲ್ಕು ಸಾವಿರದ ಮೇಲೆ ಸ್ವಲ್ಪ.

ಸತೀಶಣ್ಣ ಕೌಂಟರಿನಲ್ಲೇ ಇದ್ದರು. ಬರ್ರಿ ಖಾಲಾ, ಕೂಡ್ರಿ ಎಂದು ಸ್ಟೂಲ್ ಎಳೆದು ಕೊಟ್ಟರು.

9 ಜುಲೈ, ಶನಿವಾರ

ನಿದ್ದೆ ಸರಿಯಾಗಿಲ್ಲ. ಟೋನರ್ ಚೆಲ್ಲಿ ಬೈಸಿಕೊಂಡೆ.

ನಾಲ್ಕು ಮಾತು ಹೇಳಬೇಕು, ಅಷ್ಟೇ. "ಖಾಲಾ, ಅವುಗಳ ಬೆಲೆ ಭಾಳ ಇತ್ತು." ಪಾತ್ರೆ ತಿಕ್ಕುತ್ತ ಹೇಳಿ ನೋಡಿದೆ. ಪಾತ್ರೆಗೆ ಹೇಳಲಿಕ್ಕೆ ಬರುತ್ತದೆ.

ಅವ್ವನಿಗೆ ಸುತ್ತು ಬಳಸಿ ಕೇಳಿದೆ. ರೇಟ್ ಗೊತ್ತಿಲ್ಲದವರು ಎರಡು ರೂಪಾಯಿ ಮೆಂತ್ಯಕ್ಕೆ ಹತ್ತು ಕೊಟ್ಟರೆ ಏನು ಮಾಡುತ್ತಿ?

"ಎಂಟ ವಾಪಸ್ ಕೊಡ್ತೀನಿ," ಎಂದಳು ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ. "ನಾಳೆ ಅಕಿ ಮತ್ತ ನನ್ನ ಮುಂದ ಹಾಯ್ದ ಹೋಗಬೇಕಲ್ಲ."

17 ಜುಲೈ, ಭಾನುವಾರ

ಹೇಳಲೆಂದೇ ಹೋದೆ. ಇನ್ನೂರು ರೂಪಾಯಿ ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ, ಬೆವರಿಗೆ ತೊಯ್ದಿತ್ತು. ಖಾಲಾ ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕರೆದರು. ನಿನ್ನದೇ ನೆನಪು ಮಾಡಾಕತ್ತಿದ್ದೆ ಎಂದರು. ಗೋಡೆಗೆ ಸೀಮೆಎಣ್ಣೆ ಹೊಡೆದಿದ್ದರು, ವಾಸನೆ. ಟ್ರಂಕ್ ಖಾಲಿಯಾಗಿ ಅಂಗಳದಲ್ಲಿ ಬಿಸಿಲಿಗೆ ಇತ್ತು.

ಹಳೆಯ ಕುರ್ತಾ ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ನನ್ನ ಮಡಿಲಲ್ಲಿ ಇಟ್ಟರು. ಬಿಚ್ಚುವ ಮೊದಲೇ ಗೊತ್ತಾಯಿತು. ಒಂದರಿಂದ ಹತ್ತು.

"ಇವು ಮಾರೂವಲ್ಲ. ನೀ ಓದು," ಎಂದರು. "ಓದಾಕ ಆಸೆ ಅದ, ಕೇಳಾಕ ಬಾಯಿಲ್ಲ ನಿನಗ. ನಾನೂ ಹಂಗ ಇದ್ದೆ."

ಹೇಳಬೇಕಾಗಿತ್ತು. ಅಲ್ಲೇ, ಆಗಲೇ. ಬಾಯಿ ತೆರೆದೆ ಕೂಡ. ಖಾಲಾ ನಾನು ಶುಕ್ರಿಯಾ ಹೇಳುತ್ತೇನೆಂದು ತಿಳಿದು, ಬೇಡ ಬೇಡ ಎಂದು ಕೈ ಅಲ್ಲಾಡಿಸಿ ಚಹಾ ಇಡಲು ಎದ್ದರು.

ಗಂಟು ಈಗ ಹಾಸಿಗೆಯ ಕೆಳಗಿದೆ. ಇನ್ನೂರು ಇನ್ನೂ ನನ್ನ ಹತ್ತಿರವೇ.

18 ಜುಲೈ

ಮೊದಲನೆಯದನ್ನು ಓದಿದೆ. ಸವಾರ ಒಂದು ಊರಿಗೆ ಬಂದು ನೀರು ಕೇಳುತ್ತಾನೆ. ಖಾಲಾ ಆ ಪುಟದಲ್ಲಿ ಕುದುರೆಗೆ ನೀಲಿ ಪೆನ್ಸಿಲಿನಿಂದ ಬಣ್ಣ ಹಚ್ಚಿದ್ದಾರೆ. ಗೆರೆ ಆಚೆ ಹೋಗಿಲ್ಲ. ಆಗ ಅವರಿಗೆ ಹನ್ನೆರಡು ಹದಿಮೂರು ವರ್ಷ ಇದ್ದಿರಬೇಕು.

21 ಜುಲೈ, ಗುರುವಾರ

ಸತೀಶಣ್ಣ ಕೇಳಿದರು. ಹೈದರಾಬಾದಿನವರು ಮೊದಲ ಹತ್ತಕ್ಕೆ ಎಂಟು ಸಾವಿರ ಬರೆದಿದ್ದಾರಂತೆ. ಮತ್ತೊಂದು ಸಲ ಹೋಗಿ ನೋಡು, ಇನ್ನೂರಕ್ಕೆ ಕೊಟ್ಟಾರು ಎಂದರು. ಸುಳ್ಳು ಹೇಳಲು ಬರಲಿಲ್ಲ. ಖಾಲಾ ನನಗೆ ಓದಲು ಕೊಟ್ಟಿದ್ದಾರೆ ಎಂದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಸ್ಟೂಲ್ ಎಳೆದು ಎದುರಿಗೆ ಕೂತರು. ತಾಳ್ಮೆಯಿಂದ ಹೇಳಿದರು. ಕೊಟ್ಟ ಮೇಲೆ ಅದು ನಿನ್ನದು. ನಿನ್ನ ವಸ್ತು ನೀನು ಮಾರಿದರೆ ಯಾರಿಗೆ ಮೋಸ? ಅರ್ಧ ನಿನಗೆ, ನಾಲ್ಕು ಸಾವಿರ. ಅವರು ಕೆಟ್ಟವರಲ್ಲ. ಅವ್ವನಿಗೆ ಜ್ವರ ಬಂದಾಗ ಕೇಳದೆಯೇ ರಜೆ ಕೊಟ್ಟಿದ್ದರು. ಒಂದು ಕ್ಷಣ ಅವರ ಮಾತು ಸರಿ ಅನಿಸಿತು. ಒಂದು ಕ್ಷಣ ಅಲ್ಲ. ಬಸ್ಸು ಅರ್ಧ ದಾರಿಯ ರಾಜೇಶ್ವರ ಮುಟ್ಟುವವರೆಗೂ ಅನಿಸುತ್ತಿತ್ತು.

ಅವ್ವನಿಗೆ ಎಲ್ಲ ಹೇಳಿದೆ. ನಾಲ್ಕು ಸಾವಿರ ಎಂದಾಗ ಅವಳ ಕೈ ನಿಂತಿತು. ಸಂತೆಗೆ ತಳ್ಳುಗಾಡಿ ಬೇಕೆಂದು ಮೂರು ವರ್ಷದಿಂದ ಅನ್ನುತ್ತಾಳೆ, ತಲೆಯ ಮೇಲೆ ಹೊರುವುದು ಈಗ ಆಗುವುದಿಲ್ಲ. ಎಂಟು ವಾಪಸ್ ಕೊಡುತ್ತೇನೆ ಎಂದವಳು ಇವತ್ತು ಊಟ ಮಾಡು ಎಂದಳು.

ಒಂದು ವಿಷಯ ಹೊಳೆಯಿತು. ಈ ಹತ್ತರ ಬೆಲೆ ಹೇಳಿದರೆ ಆ ಒಂಬತ್ತರ ಬೆಲೆಯೂ ಹೇಳಿದಂತೆಯೇ. ಈಗ ಗೊತ್ತಿದ್ದದ್ದು ಆಗ ಗೊತ್ತಿರಲಿಲ್ಲವೇ ಎಂದು ಕೇಳದೇ ಇರುತ್ತಾರೆಯೇ ಖಾಲಾ? ಸುಮ್ಮನೆ ಇದ್ದರೆ ಬೇಟಿಯಾಗಿಯೇ ಇರುತ್ತೇನೆ. ಹೇಳಿದರೆ —

24 ಜುಲೈ, ಭಾನುವಾರ. ಮಧ್ಯಾಹ್ನ 3

ಹೇಳಿ ಬಂದೆ.

ಗಂಟನ್ನು ಹೊಲಿಗೆ ಮಷಿನ್ನಿನ ಮೇಲೆ ಇಟ್ಟೆ. ನಿಂತುಕೊಂಡೇ ಹೇಳಿದೆ, ಕೂತರೆ ಆಗುತ್ತಿರಲಿಲ್ಲ. ಇವಕ್ಕೆ ಎಂಟು ಸಾವಿರ ಕೊಡುವವರಿದ್ದಾರೆ ಖಾಲಾ, ನಾನು ಇಟ್ಟುಕೊಳ್ಳಲಾರೆ. ಮೊದಲು ಅವರಿಗೆ ತಮಾಷೆ ಅನಿಸಿತು. ಇಷ್ಟು ಹಳೆಯ ಕಾಗದಕ್ಕೆ? ಯಾವ ಹುಚ್ಚ? ನಗುತ್ತಲೇ ಇದ್ದರು. ನಗು ಮೆಲ್ಲಗೆ ನಿಂತಿತು.

"ಹ್ವಾದ ಸಲ ಒಯ್ದೆಲ್ಲ. ಅವಕ್ಕ?"

ನಾಲ್ಕು ಸಾವಿರದ ಇನ್ನೂರು ಎಂದೆ.

"ನಿನಗ ಗೊತ್ತಿತ್ತ?"

"ಅಷ್ಟಂತ ಗೊತ್ತಿರಲಿಲ್ರಿ. ಭಾಳ ಅದ ಅಂತ ಗೊತ್ತಿತ್ತು."

ಖಾಲಾ ಮಷಿನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೂತರು. ತುಳಿಯಲಿಲ್ಲ. ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದರು, ಆ ಸದ್ದು ಗಲ್ಲಿಯ ಕೊನೆಯವರೆಗೂ ಕೇಳುತ್ತಿತ್ತು.

"ನಿನ್ನ ಹತ್ರ ರೊಕ್ಕ ಇಲ್ಲ, ಹೇಳಾಕ ನಾಚಾಕತ್ತೀ ಅಂತ ನಾನ ಇಳಿಸಿದೆ," ಎಂದರು. "ಅವತ್ತ ದಿನಾ ಪೂರ್ತಿ ಖುಷಿ ಇತ್ತ ನನಗ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇನ್ನೂರು ರೂಪಾಯಿ ಮುಂದೆ ಇಟ್ಟೆ. ಅದು ನಿನ್ನ ಕೂಲಿ, ಇಟ್ಟುಕೋ ಎಂದರು. ಬೇಟಿ ಅನ್ನಲಿಲ್ಲ. ಗಂಟನ್ನು ಎತ್ತಿ ಕಪಾಟಿನಲ್ಲಿ ಇಟ್ಟು ಮತ್ತೆ ಫಾಲ್ ಹಚ್ಚಲು ಕೂತರು. ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

25 ಜುಲೈ

ಸತೀಶಣ್ಣನಿಗೆ, ಗಂಟನ್ನು ಖಾಲಾಗೆ ವಾಪಸ್ ಕೊಟ್ಟೆ ಎಂದು ಮಾತ್ರ ಹೇಳಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಇನ್ನು ಭಾನುವಾರದ ಕೆಲಸ ಬೇಡ ಎಂದರು. ಸರಿ.

31 ಜುಲೈ, ಭಾನುವಾರ

ಆ ಗಲ್ಲಿಯ ತಿರುವಿನವರೆಗೆ ಹೋಗಿ ವಾಪಸ್ ಬಂದೆ.

8 ಆಗಸ್ಟ್, ಸೋಮವಾರ. ರಾತ್ರಿ

ಕ್ರಮವಾಗಿ ಬರೆಯಬೇಕು.

ಹನ್ನೊಂದು ಗಂಟೆ. ಕರೆಂಟ್ ಹೋಗಿತ್ತು, ಅಂಗಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು. ಖಾಲಾ ಬಂದರು. ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿದರು. ನನ್ನ ಕಡೆ ನೋಡಲಿಲ್ಲ. ಹತ್ತು ಕಾಮಿಕ್ಸ್ ಕೌಂಟರಿನ ಮೇಲೆ ಸಾಲಾಗಿ ಇಟ್ಟರು, ಒಂದರಿಂದ ಹತ್ತು, ನಂಬರ್ ಪ್ರಕಾರ.

ಸತೀಶಣ್ಣ ಮುಟ್ಟಲಿಲ್ಲ. ಅವರ ಕಣ್ಣು ಮಾತ್ರ ಓಡಾಡಿತು. "ಎಷ್ಟ ಹೇಳ್ತೀರಿ ಖಾಲಾ?"

"ನನಗ ಏನ ಗೊತ್ತ್ರಿ. ಈ ಹುಡುಗಿಗ ಗೊತ್ತದ. ಅಕಿ ಹೇಳ್ತಾಳ."

ಎಲ್ಲರೂ ನನ್ನ ಕಡೆ ತಿರುಗಿದರು. ಕಾಯುತ್ತಿದ್ದ ನಾಲ್ಕು ಜನವೂ. ಮಷಿನ್ ಬೇರೆ ನಿಂತಿತ್ತು, ಮರೆಯಾಗಲು ಒಂದು ಸದ್ದೂ ಇಲ್ಲ. ಮೊದಲು ಊನ ಹೇಳಿದೆ. ನಾಲ್ಕನೆಯದರ ಪಿನ್ನು ತುಕ್ಕು. ಏಳನೆಯದರ ಬೆನ್ನು ಒಂದು ಬೆರಳಷ್ಟು ಹರಿದಿದೆ. ಒಂದನೆಯದರಲ್ಲಿ ಕುದುರೆಗೆ ಬಣ್ಣ ಹಚ್ಚಿದ್ದಾರೆ. ಇಷ್ಟು ಹೇಳುವಷ್ಟರಲ್ಲಿ ಧ್ವನಿ ನನ್ನದು ಅನಿಸತೊಡಗಿತು.

"ಏಳು ಸಾವಿರ್ರಿ. ಹೈದರಾಬಾದಿನವರು ನಿಮಗ ಎಂಟು ಕೊಡಾಕತ್ತಾರ. ಒಂದು ನಿಮಗ ಉಳೀತದ."

ಸತೀಶಣ್ಣನ ಮುಖ ಕೆಂಪಾಯಿತು. ನಾಲ್ಕು ಸಾವಿರ ಎಂದರು. ನಾನು ಏಳು ಎಂದೆ. ಐದು ಎಂದರು. ಏಳು ಎಂದೆ. ಕಾಯುತ್ತಿದ್ದವರಲ್ಲಿ ಒಬ್ಬ ಮುದುಕ, ತನ್ನ ಪಹಣಿ ಮರೆತು, ಕೊಡ್ರಲ್ಲ ಸಾವಕಾರ್ರ, ಸಾವಿರ ರೂಪಾಯಿ ಕೂತಲ್ಲೇ ಬರಾಕತ್ತಾವ ಎಂದ. ಯಾರೋ ನಕ್ಕರು. ಸತೀಶಣ್ಣ ನಗಲಿಲ್ಲ. ಪಕ್ಕದ ಮೆಡಿಕಲ್‌ನಿಂದ ಎರಡು ಸಾವಿರ ತಂದು ಸೇರಿಸಿ ಏಳೂ ಸಾವಿರ ಖಾಲಾ ಕೈಗೆ ಕೊಟ್ಟರು. ಎರಡೂ ಕೈಯಿಂದ, ಮರ್ಯಾದೆಯಿಂದಲೇ ಕೊಟ್ಟರು.

ಆಮೇಲೆ ನನಗೆ ಹೇಳಿದರು. "ನಾಳೆಯಿಂದ ಬರಬ್ಯಾಡವ್ವ. ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ನನ್ನ ರೇಟ ನನ್ನ ಗಲ್ಲಾದ ಮುಂದ ಹೇಳಿದಿ."

ಅವರು ಹೇಳಿದ್ದೂ ನಿಜವೇ. ಕೌಂಟರ್ ಒರೆಸಿಟ್ಟೆ. ಕರೆಂಟ್ ಬಂದ ಮೇಲೆ ಆ ನಾಲ್ವರ ಪ್ರತಿ ತೆಗೆದುಕೊಟ್ಟು ಹೊರಟೆ.

ಬಸ್ ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸು ನಿಂತಿತ್ತು. ಖಾಲಾ ಕಿಟಕಿ ಪಕ್ಕ ಕೂತಿದ್ದರು. ಪಕ್ಕದ ಸೀಟಿನ ಮೇಲೆ ಸೀರೆಯ ಚೀಲ ಇಟ್ಟಿದ್ದರು. ಉಳಿದ ಸೀಟೆಲ್ಲ ತುಂಬಿದ್ದವು. ನಾನು ಹೋಗಿ ಕಂಬಿ ಹಿಡಿದು ಹತ್ತಿರವೇ ನಿಂತೆ. ಹೊರಗೆ ನೋಡುತ್ತಿದ್ದರು. ಕಂಡಕ್ಟರ್ ಬಂದ. ಅವರ ಟಿಕೆಟ್ ಅವರು ತೆಗೆದುಕೊಂಡರು, ನನ್ನದು ನಾನು. ಟಿಕೆಟ್ ತೆಗೆದುಕೊಂಡವರು ನಿಂತಿದ್ದಾರೆ, ಚೀಲ ಕೂತಿದೆಯಲ್ಲ ಎಂದ ಅವನು. ಖಾಲಾ ಕೇಳಿಸಿಕೊಂಡಂತೆ ಮಾಡಲಿಲ್ಲ.

ರಾಜೇಶ್ವರ ದಾಟುವವರೆಗೂ ನಿಂತೇ ಇದ್ದೆ. ತಗ್ಗಿನಲ್ಲಿ ಬಸ್ಸು ಎತ್ತಿ ಹಾಕಿತು. ನನ್ನ ಮೊಣಕೈ ಅವರ ಭುಜಕ್ಕೆ ಬಡಿಯಿತು. ತಪ್ಪಾಯಿತು ಖಾಲಾ, ಎಂದೆ. ಮೊಣಕೈ ತಾಗಿದ್ದಕ್ಕೆ ಹೇಳಿದೆನೋ, ಎಲ್ಲದಕ್ಕೂ ಹೇಳಿದೆನೋ...

ಖಾಲಾ ಚೀಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಮುಖ ಕಿಟಕಿಯ ಕಡೆಗೇ ಇತ್ತು.

ನಾನು ಪಕ್ಕದಲ್ಲಿ ಕೂತೆ.